ಶಶಿರೇಖಾ ಕೇಳಿದ ಸೋಮವಾರ

ಬುತ್ತಿಯ ಕುಕ್ಕೆಯನ್ನು ಹೊಂಗೆ ಮರದ ಬುಡಕ್ಕೆ ಇಳಿಸಿ ಶಶಿರೇಖಾ ಮೊದಲು ಮುದ್ದೆ ತೆಗೆದಳು, ಆಮೇಲೆ ಸಾರಿನ ಡಬ್ಬಿ, ಅದರ ಅಡಿಯಿಂದ ಟವೆಲ್ಲಿನಲ್ಲಿ ಸುತ್ತಿದ್ದ ಇತಿಹಾಸದ ಪುಸ್ತಕ. ಉಳುತ್ತಿದ್ದ ಗಂಡ ಶಿವಶಂಕರ ಎತ್ತುಗಳನ್ನು ನಿಲ್ಲಿಸಿ ಕೈ ತೊಳೆದು ಬಂದ.

"ಎಲ್ಲಿಗಂಟ ಬಂದದೆ?"

"ವಿಜಯನಗರ ಬಿದ್ದೋಯ್ತು."

"ನೆನ್ನೆ ತಾನೆ ಕಟ್ತಿದ್ರಲ್ಲ ಕಣಮ್ಮಿ," ಎಂದು ಅವನು ಮುದ್ದೆ ಮುರಿದ.

ಅದು ತೊಂಬತ್ನಾಲ್ಕರ ಬೇಸಿಗೆ. ಒಂದೆರಡು ಮಳೆ ಬಿದ್ದು ಬೇಗೂರಿನ ಸುತ್ತಲ ಹೊಲಗಳಲ್ಲಿ ಉಳುಮೆ ಶುರುವಾಗಿತ್ತು. ಊಟ ಮುಗಿಸಿ ಅವನು ಮತ್ತೆ ನೇಗಿಲ ಮೇಣಿ ಹಿಡಿದರೆ ಅವಳು ಮರಕ್ಕೆ ಒರಗಿ ಓದಲು ಕೂರುತ್ತಿದ್ದಳು. ಬಿಸಿಲು ಇಳಿದ ಮೇಲೆ ಬದುವಿನ ಹುಲ್ಲು ಕೊಯ್ದು ಹೊರೆ ಹೊತ್ತು ಗಂಡನೊಂದಿಗೆ ಮನೆಗೆ ಹೋಗುವಳು. ಹುಲ್ಲು ಬರುತ್ತಿದ್ದುದರಿಂದ ಸೊಸೆ ಹೊಲದಲ್ಲೇ ಏಕೆ ಉಳಿದಳೆಂದು ಯಾರೂ ಕೇಳುತ್ತಿರಲಿಲ್ಲ.

ಈ ಏರ್ಪಾಡು ಕೂಡಿಬರುವ ಮೊದಲು ಅವಳು ಒಂದು ವರ್ಷ ಕಳೆದುಕೊಂಡಿದ್ದಳು. ಕುದೇರಿನ ಹುಡುಗಿ, ಪಿಯುಸಿ ಮುಗಿಯುತ್ತಲೇ ಮದುವೆಯಾಗಿ ಬೇಗೂರಿನ ಪಕ್ಕದ ಈ ಊರಿಗೆ ಬಂದವಳು. ಅಂಚೆಯಲ್ಲಿ ಪಾಠ ತರಿಸಿಕೊಂಡು ಬಿ.ಎ. ಮಾಡಬಹುದೆಂದು ತಿಳಿದು ಮೈಸೂರಿನಿಂದ ಅರ್ಜಿ ತಂದುಕೊಟ್ಟವನು ಶಿವಶಂಕರನೇ. ಪಾಠಗಳು ತಪ್ಪದೆ ಬಂದವು. ಪ್ರತಿ ಪಾಠದ ಕೊನೆಯಲ್ಲೂ ಪ್ರಶ್ನೆಗಳಿದ್ದವು. ಗಡುವಿನೊಳಗೆ ಉತ್ತರ ಬರೆದು ಕಳಿಸಿದವರಿಗೆ ಮಾತ್ರ ಪರೀಕ್ಷೆ. ಹಾಗಾಗಿ ಓದಲು ವಾರದಲ್ಲಿ ತನ್ನದೇ ಒಂದು ಹೊತ್ತು ಬೇಕೆಂದು ಲೆಕ್ಕ ಹಾಕಿ, ಅವಳು ಆರಿಸಿಕೊಂಡದ್ದು ಸೋಮವಾರವನ್ನು.

ಸೋಮವಾರ ಬಸವಣ್ಣನ ದಿನ. ಆ ಸೀಮೆಯ ಒಕ್ಕಲು ಮನೆಗಳಲ್ಲಿ ಅಂದು ಎತ್ತಿನ ಹೆಗಲಿಗೆ ನೊಗ ಇಡುವುದಿಲ್ಲ, ಗಾಡಿ ಕಟ್ಟುವುದಿಲ್ಲ. ಅವಳು ಅತ್ತೆ ಶಾಂತಮಲ್ಲಮ್ಮನ ಬಳಿ, ಎತ್ತಿಗೆ ಬಿಡುವಿರುವ ದಿನ ಮಧ್ಯಾಹ್ನದ ಮೇಲೆ ತನಗೂ ಬಿಡುವು ಕೊಡಿ ಎಂದು ಕೇಳಿದಳು. ಅತ್ತೆ ಅಕ್ಕಿ ಆರಿಸುತ್ತಲೇ ತಲೆಯಾಡಿಸಿದರು. "ಆಗ್ಲಿ ಬುಡು. ಸೋಮವಾರ ನಿಂದೇ."

ಆ ವರ್ಷದ ಒಂದು ಸೋಮವಾರವೂ ಅವಳ ಕೈಗೆ ಸಿಗಲಿಲ್ಲ. ಏರು ಕಟ್ಟದ ದಿನ ಗಂಡಸರೆಲ್ಲ ಮನೆಯಲ್ಲಿರುತ್ತಾರೆಂಬುದು ಅವಳ ಲೆಕ್ಕಕ್ಕೆ ಬಂದಿರಲಿಲ್ಲ. ಬೆಳಿಗ್ಗೆ ಶಿವಪೂಜೆ, ಆಮೇಲೆ ಬಿಸಿ ಅಡುಗೆ, ಮಧ್ಯಾಹ್ನ ಮಾವ ಗಂಗಾಧರಸ್ವಾಮಿಯ ಜೊತೆ ಹರಟಲು ಬಂದ ನೆಂಟರು, ನೆರೆಯವರು. ಅವಳು ಒಂದು ಹಾಳೆ ಮಗುಚುವಷ್ಟರಲ್ಲಿ ಜಗುಲಿಯಿಂದ ಕಾಫಿಗೆ ಕೂಗು. ಗಡುವು ದಾಟಿತು. ಪಾಠಗಳು ಅಟ್ಟ ಸೇರಿದವು.

ಸೋಮವಾರ ಹೀಗಿರುತ್ತದೆಂದು ಮೊದಲೇ ಯಾಕೆ ಹೇಳಲಿಲ್ಲವೆಂದು ಅವಳು ಒಮ್ಮೆ ಅತ್ತೆಯನ್ನು ಕೇಳಿದಳು.

"ನೀನು ಸೋಮವಾರಾನೇ ಕೇಳ್ದೆ, ಕೊಟ್ಟೆ," ಎಂದರು ಶಾಂತಮಲ್ಲಮ್ಮ. "ಎತ್ತಿನ್ ಮೇಲಿಂದ ಇಳಿದ್ ನೊಗ ಎಲ್ಲಿಗೋಯ್ತದೆ? ಒಲೆ ಮುಂದಕ್ಕೇ ಬತ್ತದೆ."

ಶಶಿರೇಖಾ ಆ ಮಾತನ್ನು ಮನಸ್ಸಿನಲ್ಲಿ ತಿರುವಿ ಹಾಕಿದಳು. ಎತ್ತಿಗೆ ಬಿಡುವಿದ್ದಾಗ ತನಗಿಲ್ಲ ಎಂದಾದರೆ, ಎತ್ತು ದುಡಿಯುವಾಗ ತನಗಿರಲೇಬೇಕು. ಹುಡುಕಿದಳು, ಇತ್ತು. ಗಂಡಸರು ಹೊಲದಲ್ಲಿರುವಾಗ ಬುತ್ತಿ ಕೊಟ್ಟು ಅಲ್ಲೇ ಉಳಿದರೆ ಸಂಜೆಯವರೆಗೆ ಮನೆ ಅವಳನ್ನು ಹುಡುಕುತ್ತಿರಲಿಲ್ಲ. ಎರಡನೆಯ ವರ್ಷ ಮತ್ತೆ ಹೆಸರು ನೋಂದಾಯಿಸಿದಳು. ಈ ಸಲ ಅವಳ ವೇಳಾಪಟ್ಟಿಯಲ್ಲಿ ವಾರಗಳಿರಲಿಲ್ಲ, ಹೊಲಗಳಿದ್ದವು. ಹೊಂಗೆ ಮರದ ಹೊಲಕ್ಕೆ ಇತಿಹಾಸ, ಬಂಡೆ ಹೊಲಕ್ಕೆ ಅರ್ಥಶಾಸ್ತ್ರ, ನೆರಳು ಕಡಿಮೆಯಿದ್ದ ಕೆರೆ ಹಿಂದಿನ ತುಂಡಿಗೆ ಕನ್ನಡ, ಏಕೆಂದರೆ ಅದು ಅವಳಿಗೆ ಸಲೀಸು. ಆಯಾ ಹೊಲದ ಉಳುಮೆ ಮುಗಿಯುವುದರೊಳಗೆ ಆಯಾ ಪಾಠಗಳ ಉತ್ತರವೂ ಮುಗಿಯಬೇಕು. ನಾಳೆ ಯಾವ ಹೊಲ ಎಂದು ರಾತ್ರಿ ಊಟಕ್ಕೆ ಬಡಿಸುವಾಗ ಕೇಳಿಕೊಂಡು ಪುಸ್ತಕ ತೆಗೆದಿಡುತ್ತಿದ್ದಳು. ಆ ಮಳೆಗಾಲದ ಕೊನೆಗೆ, ಹುರುಳಿ ಬಿತ್ತುವ ಹೊತ್ತಿಗೆ, ಉತ್ತರಗಳೆಲ್ಲ ಮೈಸೂರು ಸೇರಿದ್ದವು. ಉಳಿದದ್ದು ಪರೀಕ್ಷೆ.

ಪರೀಕ್ಷೆಯ ಹಾಲ್ ಟಿಕೆಟ್ ಬಂದದ್ದು ಮುಂದಿನ ಬೇಸಿಗೆಯಲ್ಲಿ, ವಿಜಯನಗರ ಬಿದ್ದ ಆ ದಿನವೇ. ಕೇಂದ್ರ ಚಾಮರಾಜನಗರ. ಮೊದಲ ಪತ್ರಿಕೆ ಇತಿಹಾಸ, ಬರುವ ಸೋಮವಾರ ಬೆಳಿಗ್ಗೆ. ಒಂದು ಪತ್ರಿಕೆ ತಪ್ಪಿದರೂ ಇನ್ನೊಂದು ವರ್ಷ ಹೋದಂತೆ. ಇನ್ನೊಂದು ವರ್ಷವನ್ನು ಈ ಮನೆಯಲ್ಲಿ ಕೇಳಿ ಪಡೆಯುವುದು ಸಾಧ್ಯವಿಲ್ಲವೆಂದು ಶಶಿರೇಖಾಗೆ ಗೊತ್ತಿತ್ತು.

ಗಂಗಾಧರಸ್ವಾಮಿ ಆ ಸೋಮವಾರವೇ ಮಠದ ಅಯ್ಯನವರನ್ನು ಪೂಜೆಗೆ, ಪ್ರಸಾದಕ್ಕೆ ಕರೆದಿದ್ದರು. ಸಂಜೆ ಜಗುಲಿಯ ಮೇಲೆ ಕಾಗದವನ್ನು ತಿರುಗಿಸಿ ಮುರುಗಿಸಿ ನೋಡಿ, ದಿನ ಬದಲಿಸಲು ಮೈಸೂರಿಗೆ ಒಂದು ಕಾರ್ಡು ಬರೆದು ಹಾಕು ಎಂದು ಮಗನಿಗೆ ಹೇಳಿದರು. ಅದು ಮದುವೆ ಮುಹೂರ್ತವಲ್ಲ, ಮುಂದಕ್ಕೆ ಹಾಕಲಾಗದು ಎಂದ ಶಿವಶಂಕರ. ಹಾಗಾದರೆ ಅಯ್ಯನವರಿಗೆ ಬಡಿಸುವವರು ಯಾರು ಎಂದರು ಮಾವ.

ಶಶಿರೇಖಾ ಬಾಗಿಲ ಬಳಿ ನಿಂತಿದ್ದಳು. "ನಾನು ಓಗ್ಲೇಬೇಕು ಮಾವ," ಎಂದಳು. ದನಿ ಏರಿರಲಿಲ್ಲ. ಅವಳು ಅಷ್ಟು ನೇರವಾಗಿ ಮಾವನಿಗೆ ಹೇಳಿದ್ದು ಅದೇ ಮೊದಲು.

ಒಳಗಿನಿಂದ ಶಾಂತಮಲ್ಲಮ್ಮ ಕೈ ಒರೆಸಿಕೊಳ್ಳುತ್ತ ಬಂದರು.

"ಸೋಮವಾರ ಅವ್ಳಿಗೆ ಕೊಟ್ಟಿರೋಳು ನಾನು. ಕೊಟ್ಟು ಎರಡ್ ವರ್ಷ ಆಯ್ತು, ಒಂದ್ ದಿನಾನೂ ಅವ್ಳ ಕೈಗೆ ಬಂದಿಲ್ಲ. ಈ ಸೋಮವಾರ ತಕ್ಕತಾಳೆ. ಅಯ್ನೋರ್ಗೆ ನಾನು ಬಡಿಸ್ತೀನಿ. ಈ ಮನೆಗೆ ಸೊಸೆ ಬರಕ್ ಮುಂಚೆ ಅವ್ರೇನು ಉಪವಾಸ ಓಗ್ತಿದ್ರಾ?"

ಗಂಗಾಧರಸ್ವಾಮಿ ಹಾಲ್ ಟಿಕೆಟನ್ನು ಮಡಿಸಿ ಸೊಸೆಯ ಕೈಗೆ ಕೊಟ್ಟರು. ಬಸ್ಸು ಎಷ್ಟು ಹೊತ್ತಿಗೆ ಎಂದು ಕೇಳಿದರು.

ಸೋಮವಾರ ಗಾಡಿ ಕಟ್ಟುವಂತಿರಲಿಲ್ಲ. ಬೆಳಕು ಹರಿಯುವ ಹೊತ್ತಿಗೆ ಶಿವಶಂಕರ ಅವಳನ್ನು ಸೈಕಲ್ಲಿನಲ್ಲಿ ಕೂರಿಸಿಕೊಂಡು ಬೇಗೂರಿಗೆ ತಂದು ಗುಂಡ್ಲುಪೇಟೆಯ ಬಸ್ಸು ಹತ್ತಿಸಿದ. ಅಲ್ಲಿ ಅವಳು ಚಾಮರಾಜನಗರದ ಬಸ್ಸಿಗೆ ಬದಲಾಯಿಸಿದಳು.