ನಾನು ಸೇರಿಸಿದ ‘ಬರ್ತೇನೆ’

ಯಮಾದಾ ಅವರೇ, ಹೆಲೆನ್ ‘ಹೋಗಿ ಬರ್ತೇನೆ’ ಎಂದು ಹೇಳಿ ಹೋಗಿರಲಿಲ್ಲ. ಆ ಮಾತನ್ನು ಅವರ ಬಾಯಿಗೆ ಹಾಕಿದವಳು ನಾನು. ನಿಮ್ಮ ಮಾತನ್ನು ಅವರಿಗೆ ಮುಟ್ಟಿಸದೆ ಕಳಿಸಿಬಿಟ್ಟವಳೂ ನಾನೇ. ನೀವು ಈಗ ಇದ್ದೀರೋ, ಇದ್ದರೂ ಕನ್ನಡ ಓದುತ್ತೀರೋ — ತಿಳಿಯದು. ಆದರೂ ಇದನ್ನು ನಿಮಗೇ ಹೇಳಬೇಕು.

ಎಪ್ಪತ್ತರ ದಶಕದ ಕೊನೆ. ಮೂಡುಬಿದಿರೆಯಲ್ಲಿ ಬಸದಿ ನೋಡಲು ಬರುವವರಿಗೆ ಅಮ್ಮ ನಮ್ಮ ಮನೆಯ ಹೊರಗಿನ ಎರಡು ಕೋಣೆಗಳನ್ನು ಕೊಡುತ್ತಿದ್ದರು. ಕಂಬಗಳ ಕೆತ್ತನೆಯ ಚಿತ್ರ ಬರೆಯಲು ಬಂದ ನೀವು ಒಂದರಲ್ಲಿ ತಿಂಗಳುಗಟ್ಟಲೆ ಉಳಿದಿರಿ. ನಿಮ್ಮ ಹೆಸರಿನಲ್ಲಿ ಯಮ ಇದ್ದಾನೆಂದು ಅಮ್ಮ ಅದನ್ನು ಕೊನೆಯವರೆಗೂ ಉಚ್ಚರಿಸಲಿಲ್ಲ. ‘ಜಪಾನಿನವರು’ ಎಂದೇ ಕರೆದರು. ನಿಮಗೆ ಇಂಗ್ಲಿಷ್ ಬಾರದು. ಶಾಲೆಯಲ್ಲಿ ಇಂಗ್ಲಿಷ್ ಕಲಿಸುತ್ತಿದ್ದ ನಾನು ಸಂಜೆ ನಿಮಗೆ ಕನ್ನಡ ಕಲಿಸಿದೆ. ಹೊರಡುವಾಗ ‘ಹೋಗ್ತೇನೆ’ ಅನ್ನಬಾರದು, ‘ಹೋಗಿ ಬರ್ತೇನೆ’ ಅನ್ನಬೇಕು ಎಂದಾಗ ನೀವು ಮಕ್ಕಳ ಹಾಗೆ ಚಪ್ಪಾಳೆ ತಟ್ಟಿದಿರಿ. ನಿಮ್ಮ ಮನೆಗಳಲ್ಲೂ ಹೊರಡುವವರು ಇದನ್ನೇ ಹೇಳುತ್ತಾರಂತೆ, ಉಳಿದವರು ‘ಹೋಗಿ ಬನ್ನಿ’ ಎನ್ನುತ್ತಾರಂತೆ. ಆಮೇಲೆ ಸ್ವರ ತಗ್ಗಿಸಿ ಅಂದಿರಿ — “ನನ್ನ ಅಣ್ಣ ಯುದ್ಧಕ್ಕೆ ಹೊರಡುವಾಗ ಹಾಗೆ ಹೇಳಿದ. ಬರಲಿಲ್ಲ.”

ಅಷ್ಟರಲ್ಲಿ ಅಮೆರಿಕದ ಹೆಲೆನ್ ಪಕ್ಕದ ಕೋಣೆಗೆ ಬಂದರು. ಅವರ ಅಣ್ಣನೂ ಅದೇ ಯುದ್ಧದಲ್ಲಿ ಸತ್ತವನು, ನಿಮ್ಮವರ ಎದುರು ಪಕ್ಷದಲ್ಲಿ. ಮೊದಲ ವಾರ ನೀವು ಊಟಕ್ಕೆ ಕೂತರೆ ಅವರು ಏಳುತ್ತಿದ್ದರು. ನಾನೇ ಅಲ್ಲವೇ ಒಂದು ದಿನ ಇಬ್ಬರನ್ನೂ ಕೂರಿಸಿ, ನಿಮ್ಮ ಅಣ್ಣನ ಸುದ್ದಿ ಅವರಿಗೆ, ಅವರ ಅಣ್ಣನದು ನಿಮಗೆ ಹೇಳಿದವಳು! ಅಂದು ಹೆಲೆನ್ ಅತ್ತರು. ನೀವು ಅವರ ತಟ್ಟೆಗೆ ಸಾರು ಬಡಿಸಿದಿರಿ. ಮುಂದಿನ ವರ್ಷ ಹೆಲೆನ್ ನಿಮ್ಮ ಊರಿಗೆ ಬಂದು ನಿಮ್ಮ ಮುದಿತಾಯಿಯನ್ನು ಕಾಣಬೇಕು ಎಂಬ ಮಾತೂ ನನ್ನ ನಾಲಿಗೆಯ ಮೇಲೆಯೇ ಆಚೆ ಈಚೆ ದಾಟಿತು. ನನಗೆ ಎಷ್ಟು ಜಂಭ ಬಂದಿತ್ತೆಂದರೆ —

ನಂತರ ಒಂದು ದಿನ ನೀವಿಬ್ಬರೇ ಪಾಣೆಮಂಗಳೂರಿಗೆ ಹೋದಿರಿ. ನನ್ನನ್ನು ಕರೆಯಲಿಲ್ಲ. ಹೊಳೆ ನೋಡಿ, ಅಲ್ಲಿನ ಸ್ಟುಡಿಯೋದಲ್ಲಿ ಜೊತೆಗೆ ಫೋಟೋ ತೆಗೆಸಿ, ನಗುತ್ತಾ ಬಸ್ಸಿಳಿದಿರಿ. ಏನು ತಮಾಷೆ ಎಂದು ಕೇಳಿದೆ. ಹೇಳಿದರೆ ಸ್ವಾರಸ್ಯ ಹೋಗುತ್ತದೆ ಎಂದರು ಹೆಲೆನ್. ನನಗೆ ಮೈಯೆಲ್ಲ ಉರಿಯಿತು. ಅಷ್ಟಕ್ಕೇ. ನಗಬೇಡಿ, ಅಷ್ಟಕ್ಕೇ.

ಹೆಲೆನ್ ಹೊರಡುವುದಕ್ಕೆ ಇನ್ನೊಂದು ದಿನವಿತ್ತು. ಬೆಳಿಗ್ಗೆ ಅವರು ಸ್ನಾನಕ್ಕೆ ಹೋಗಿದ್ದಾಗ ನೀವು ಅಂಗಳಕ್ಕಿಳಿದು, “ಟೀಚರ್, ಪಾಣೆಮಂಗಳೂರಿಂದ ಫೋಟೋ ತರ್ತೇನೆ. ಅದರ ಹಿಂದೆ ವಿಳಾಸ ಬರೆಯುವ. ಹೆಲೆನ್‌ಗೆ ಹೇಳಿ — ಹೋಗಿ ಬರ್ತೇನೆ” ಎಂದಿರಿ.

ಒದ್ದೆ ಕೂದಲಲ್ಲಿ ಹೊರಬಂದ ಹೆಲೆನ್ ನೀವೆಲ್ಲಿ ಎಂದು ಕೇಳಿದರು. ಹೋದರು ಎಂದೆ. ಏನಾದರೂ ಹೇಳಿದರೇ? ವಿದಾಯ ಹೇಳಿದರು, ಅಷ್ಟೇ ಎಂದೆ.

ನಮ್ಮಲ್ಲಿ ‘ಹೋಗಿ ಬರ್ತೇನೆ’ ಎಂದರೆ ವಿದಾಯವೇ ತಾನೇ, ಅನುವಾದದಲ್ಲೇನು ತಪ್ಪು — ಹೀಗೆಂದು ಎಷ್ಟೋ ವರ್ಷ ನನಗೆ ನಾನೇ ಪಾಠ ಮಾಡಿಕೊಂಡೆ. ಸುಳ್ಳು. ನಿಮ್ಮ ಬಾಯಲ್ಲಿ ಆ ಮಾತಿಗೆ ಎಷ್ಟು ತೂಕ ಎಂದು ಬಲ್ಲವಳು ಊರಿನಲ್ಲಿ ನಾನೊಬ್ಬಳೇ.

ಸ್ವಲ್ಪ ಹೊತ್ತು ಸತಾಯಿಸಿ ನಿಜ ಹೇಳೋಣ ಎಂದುಕೊಂಡಿದ್ದೆ. ಹೆಲೆನ್ ನಿಮ್ಮ ಮುಚ್ಚಿದ ಬಾಗಿಲನ್ನು ನೋಡುತ್ತ ನಿಂತರು. “ತನ್ನ ತಾಯಿಗೆ ನನ್ನ ಮುಖ ತೋರಿಸುವುದು ಅವರಿಗೆ ಬೇಡವೆನಿಸಿರಬೇಕು” ಎಂದು ಮೆಲ್ಲಗೆ ಹೇಳಿ ಪೆಟ್ಟಿಗೆ ಕಟ್ಟಲು ಹೋದರು. ಆ ಮುಖ ಕಂಡ ಮೇಲೆ ನನ್ನ ನಾಲಿಗೆ ಏಳಲಿಲ್ಲ. ಹೇಳಿದರೆ ನಾನೆಂಥವಳು ಎಂದು ಗೊತ್ತಾಗುತ್ತಿತ್ತು. ಮಧ್ಯಾಹ್ನದ ಬಸ್ಸಿಗೆ ಅವರು ಹೋಗಿಯೇಬಿಟ್ಟರು.

ಸಂಜೆ ನೀವು ಫೋಟೋ ಹಿಡಿದು ಬಂದಿರಿ. ಅವರೆಲ್ಲಿ ಎಂದಿರಿ. ಅವಸರದ ಕರೆ ಬಂತು, ಹೋದರು, “ಹೋಗಿ ಬರ್ತೇನೆ ಅಂತ ಹೇಳಿದ್ದಾರೆ” ಎಂದೆ. ಎಷ್ಟು ಸಲೀಸಾಗಿ! ನೀವು ನಂಬಿದಿರಿ. ಹತ್ತಿರದ ಮಡಂತ್ಯಾರಿಗೋ ಬೆಳ್ತಂಗಡಿಗೋ ಹೋದವರು ಬರುವಂತೆ ಬರುತ್ತಾರೆಂದು ಪ್ರತಿ ಸಂಜೆ ಬಸ್ ನಿಲ್ದಾಣಕ್ಕೆ ಹೋಗಿ ನಿಂತಿರಿ. ಹೆಲೆನ್ ವಿಳಾಸ ಪತ್ತೆ ಮಾಡುವುದು ನನಗೆ ಕಷ್ಟವಿರಲಿಲ್ಲ. ಮಾಡಿದರೆ ನನ್ನ ಬಣ್ಣ ಬಯಲಾಗುತ್ತಿತ್ತು. ಮಾಡಲಿಲ್ಲ.

ಕೊನೆಗೆ ನೀವು ದೇಶಕ್ಕೆ ಮರಳುವ ದಿನ ಬಂತು. ಫೋಟೋವನ್ನು ನನ್ನ ಕೈಯಲ್ಲಿಟ್ಟು, ಅವರು ಬಂದರೆ ಕೊಡಿ ಎಂದು ಹೇಳಿ ಅಮ್ಮನಿಗೆ ಕೈಮುಗಿದಿರಿ. “ಹೋಗ್ತೇನೆ ಅಮ್ಮ.”

“ಅಯ್ಯೋ, ಹಾಗೆ ಹೇಳ್ಬಾರ್ದು. ಹೋಗಿ ಬರ್ತೇನೆ ಅಂತ ಹೇಳಿ” ಎಂದರು ಅಮ್ಮ.

ನೀವು ಹೇಳಿದಿರಿ: “ಹಾಗೆ ಹೇಳಿದವರು ಬರುವುದಿಲ್ಲ ಅಮ್ಮ.”

ನಾನು ಅಲ್ಲೇ ಬಾಗಿಲಲ್ಲಿದ್ದೆ. ಆಗಲೂ ಹೇಳಬಹುದಿತ್ತು.

ಫೋಟೋ ನನ್ನಲ್ಲೇ ಉಂಟು. ಸ್ಟುಡಿಯೋದಲ್ಲಿ ಹೊಳೆಯ ಚಿತ್ರ ಬರೆದ ಪರದೆಯ ಮುಂದೆ ಇಬ್ಬರೂ ನಗುತ್ತಿದ್ದೀರಿ. ಅದರ ಹಿಂಬದಿ ಖಾಲಿ.