ರನ್ ಅಂದರೆ ಓಡುವುದಷ್ಟೇ ಅಲ್ಲ

ಮಕ್ಕಳು ಕಾಲೇಜಿಗೆ ಹೋಗುವಷ್ಟು ಬೆಳೆದ ಮೇಲೆ ನಾನು ಮೊದಲ ಸಲ ಕೆಲಸಕ್ಕೆ ಸೇರಿದೆ. ಕುವೆಂಪುನಗರದ ಒಂದು ಕ್ಲಿನಿಕ್ಕಿನಲ್ಲಿ ಫೋನ್ ಎತ್ತುವುದು, ರೋಗಿಗಳಿಗೆ ಟೋಕನ್ ಕೊಡುವುದು. ಓದಿದ್ದು ಹಳ್ಳಿಯ ಕನ್ನಡ ಶಾಲೆಯಲ್ಲಿ. ಇಂಗ್ಲಿಷ್ ಅಂದರೆ ಎದೆ ಢವಢವ.

ಸೇರಿದ ವಾರವೇ ಒಬ್ಬ ಮಹಿಳೆ ಫೋನ್ ಮಾಡಿದರು. ಉತ್ತರ ಭಾರತದ ಕಡೆಯವರು, ಕನ್ನಡ ಬಾರದು. 'ಫಾದರ್', 'ರನ್ ಔಟ್' ಎಂಬುದಷ್ಟೇ ನನ್ನ ಕಿವಿಗೆ ಬಿತ್ತು. ಡಾಕ್ಟರ ಕೋಣೆಗೆ ನುಗ್ಗಿ, "ಸಾರ್, ಅವರ ತಂದೆ ಮನೆ ಬಿಟ್ಟು ಓಡೋಗ್ಬುಟ್ಟವ್ರಂತೆ!" ಎಂದೆ. ಡಾಕ್ಟರು ಗಾಬರಿಯಿಂದ ಫೋನ್ ತೆಗೆದುಕೊಂಡರು. ತಂದೆ ಮನೆಯಲ್ಲೇ ಇದ್ದರು. ಅವರ ಇನ್ಸುಲಿನ್ ಮುಗಿದಿತ್ತು, ಅಷ್ಟೇ. ಹೊರಗೆ ಕೂತವರೆಲ್ಲ ನಕ್ಕರು.

ರಾಜೀವನಗರದ ಮನೆಗೆ ಬಂದು ಅತ್ತೆಯ ಮುಂದೆ ಕಣ್ಣೀರು ಹಾಕಿದೆ.

"ಅಳೋದ್ಯಾಕೆ ಕಣಮ್ಮ? ನಮ್ಮಲ್ಲೂ ಅಂಗೇ ಅಲ್ವಾ? ಅಂಗಡಿ ಓಡ್ತದೆ, ಸಿನಿಮಾ ಓಡ್ತದೆ, ತಲೆನೂ ಓಡ್ತದೆ. ಅವಕ್ಕೇನು ಕಾಲು ಅವೆಯಾ? ಕಲ್ತರೆ ಬತ್ತದೆ ಬುಡು" ಎಂದರು.

ಮುಂದಿನ ಸಲ ಆ ಮಹಿಳೆ ತಂದೆಯನ್ನು ಕರೆತಂದಾಗ ನಾನೇ ಹೋಗಿ, ನಡೆದದ್ದನ್ನು ಹರಕುಮುರುಕು ಇಂಗ್ಲಿಷಿನಲ್ಲಿ ಹೇಳಿದೆ. ಮುದುಕರು ಹೊಟ್ಟೆ ಹಿಡಿದುಕೊಂಡು ನಕ್ಕು, ಇದರಲ್ಲಿ ಎಲ್ಲಿಗೆ ಓಡಲಿ ಎನ್ನುವಂತೆ ತಮ್ಮ ಊದಿದ ಮಂಡಿ ತೋರಿಸಿದರು. ಅಂದಿನಿಂದ ಅವರೇ ನನ್ನ ಮೇಷ್ಟ್ರು. ಬಂದಾಗಲೆಲ್ಲ, ಸರದಿ ಬರುವವರೆಗೆ ನನ್ನ ಮೇಜಿನ ಪಕ್ಕ ಕೂತು ಪಾಠ. ಜ್ವರ ಇದ್ದರೂ ರನ್, ಮೂಗು ಸೋರಿದರೂ ರನ್, ರಕ್ತ ಪರೀಕ್ಷೆ ಮಾಡಿದರೂ ರನ್. ದಾರಿಯಲ್ಲಿ ಪರಿಚಯದವರು ಸಿಕ್ಕರೆ ಅದೂ ರನ್ನೇ! ಬದಲಿಗೆ ನಾನು ಅವರಿಗೆ ಕನ್ನಡ ಹೇಳಿಕೊಟ್ಟೆ.

ಒಂದು ಮಧ್ಯಾಹ್ನ ಡಾಕ್ಟರು ಬೇರೊಂದು ಆಸ್ಪತ್ರೆಗೆ ಹೋಗಿದ್ದರು. ಆ ಮುದುಕರ ಮಗಳ ಫೋನ್ ಬಂತು. ಗಾಬರಿಯಲ್ಲಿ ಒಂದೇ ಉಸಿರಿಗೆ ಇಂಗ್ಲಿಷ್. ತಂದೆಗೆ ಜ್ವರ 'ರನ್' ಆಗುತ್ತಿದೆ, ಇನ್ಸುಲಿನ್ 'ರನ್ ಔಟ್', ಸಕ್ಕರೆ ವಿಪರೀತ ಏರಿದೆ, ಮಾತು ತೊದಲುತ್ತಿದೆ. ನನಗೆ ಒಂದು ಪದವೂ ತಪ್ಪಲಿಲ್ಲ.

"ಡೋಂಟ್ ವರಿ ಮೇಡಂ, ಐ ವಿಲ್ ರನ್ ಇಟ್ ಬೈ ಡಾಕ್ಟರ್" ಎಂದುಬಿಟ್ಟೆ. ಡಾಕ್ಟರನ್ನು ಕೇಳಿ ಹೇಳುತ್ತೇನೆ ಅನ್ನುವುದಕ್ಕೆ ಆ ಮಾತು ತಾನಾಗಿ ನಾಲಿಗೆಗೆ ಬಂದಿತ್ತು.

ಡಾಕ್ಟರಿಗೆ ಫೋನ್ ಮಾಡಿ ಎಲ್ಲ ತಿಳಿಸಿದೆ. ತಾವಿದ್ದ ಆಸ್ಪತ್ರೆಗೇ ತಕ್ಷಣ ಕರೆತರಲು ಹೇಳಿದರು. ಆಂಬುಲೆನ್ಸ್‌ನವರನ್ನು ಕರೆದು ಅವರ ಮನೆಯ ದಾರಿ ಹೇಳಿದೆ. ಅದು ಬರುವವರೆಗೂ ಮಗಳಿಗೆ ಧೈರ್ಯ ಹೇಳುತ್ತ ಫೋನಿನಲ್ಲೇ ಇದ್ದೆ, ಇಂಗ್ಲಿಷಿನಲ್ಲಿ!

ಸಂಜೆ ಡಾಕ್ಟರು ಬಂದವರೇ ನನ್ನ ಮೇಜಿನ ಮುಂದೆ ನಿಂತರು. "ಚೇತರಿಸ್ಕೊಳ್ತಿದಾರೆ. ತಡ ಆಗಿದ್ರೆ ಕಷ್ಟ ಇತ್ತು ಕಣ್ರೀ. ಇವತ್ತು ಕ್ಲಿನಿಕ್ ರನ್ ಮಾಡಿದ್ದು ನೀವೇ" ಎಂದರು.

ಅಷ್ಟರಲ್ಲಿ ಮತ್ತೆ ಫೋನ್ ಹೊಡೆದುಕೊಂಡಿತು. ಎತ್ತಿ "ಗುಡ್ ಈವ್ನಿಂಗ್" ಎಂದೆ. ನನ್ನ ದನಿ ಎದುರುಗಡೆಯ ಮೆಡಿಕಲ್ ಸ್ಟೋರಿಗೂ ಕೇಳಿಸಿರಬೇಕು.