ವಿಭೂತಿ ಹಚ್ಚಿದ ಕಂಪ್ಯೂಟರು

ಕಲಬುರಗಿಯ ಸೂಪರ್ ಮಾರ್ಕೆಟ್ಟಿನಲ್ಲಿ ಬಂದೇನವಾಜನ ಕಂಪ್ಯೂಟರ್ ರಿಪೇರಿ ಅಂಗಡಿ ಎಲ್ಲಿ ಎಂದರೆ ಚಹಾದಂಗಡಿಯವನೂ ದಾರಿ ತೋರಿಸುತ್ತಾನೆ. ಕೈ ಚುರುಕು, ಮಾತು ಮೆತ್ತಗೆ. ಕೆಟ್ಟ ಮಷೀನು ಮುಂದಿಟ್ಟರೆ ಮೊದಲು ಬಗ್ಗಿ ಮೂಸಿ ನೋಡುವವ. ಸುಟ್ಟ ವಾಸನೆ ಯಾವ ಮೂಲೆಯದೆಂದು ಮೂಗೇ ಹೇಳುತ್ತದೆ. ಅಂಥ ಮನುಷ್ಯ ಬಂಡಿಯ ಮೇಲೆ ಕೆಂಪು ಬಾಳೆಹಣ್ಣು ಕಂಡರೆ ಮುಖ ಆಚೆ ತಿರುಗಿಸಿ ನಡೆಯುತ್ತಾನೆ. ಯಾಕೆಂದು ಕೇಳಿದರೆ, ಕಮಲಾಪುರದಿಂದ ಹಿಡಿದು ಹೇಳಬೇಕು.

ಕಮಲಾಪುರದಲ್ಲಿ ಅಮೋಘಪ್ಪನದೊಂದು ಫೋಟೊ ಸ್ಟುಡಿಯೊ. ಮದುವೆ, ಕುಬಸ, ತೊಟ್ಟಿಲು ಎಂದು ಫೋಟೊ ತೆಗೆಯುವವನು ಅವನು. ಆ ಫೋಟೊಗಳನ್ನು ಜೋಡಿಸಿ ಆಲ್ಬಂ ಮಾಡುವವಳು ಅವನ ಹೆಂಡತಿ ಮಲ್ಕಮ್ಮ. ಮದುವೆಯಾಗಿ ಬಂದಾಗ ಅವಳಿಗೆ ಮೌಸ್ ಹಿಡಿಯಲೂ ಬರುತ್ತಿರಲಿಲ್ಲ. ಗಂಡನ ಬೆನ್ನ ಹಿಂದೆ ನಿಂತು ನೋಡಿ ನೋಡಿಯೇ ಕಲಿತಳು. ಆಮೇಲೆ ಮದುವೆಮನೆಯ ಬೀಗರು ಬಂದರೆ, “ಫೋಟೊ ಯಾರರೆ ಹೊಡೀರಿ, ಆಲ್ಬಂ ಮಾತ್ರ ಅಕ್ಕಾರೇ ಮಾಡ್ಲಿ” ಎನ್ನುತ್ತಿದ್ದರು.

ಅವರದು ಕಂಪನಿಯಿಂದಲೇ ಜೋಡಿಸಿ ಬಂದ ರೆಡಿಮೇಡ್ ಡೆಸ್ಕ್‌ಟಾಪು. ಟೈಪಿಂಗಿಗೆ ಏನೋ ಸರಿ. ಆಲ್ಬಮ್ಮಿನ ಒಂದು ಪುಟ ತೆರೆಯುವಷ್ಟರಲ್ಲಿ ಮಲ್ಕಮ್ಮ ಒಳಗೆ ಹೋಗಿ ಒಂದು ರೊಟ್ಟಿ ಬಡಿದು ಬರುತ್ತಿದ್ದಳು. ಅದಕ್ಕೇ ಬಂದೇನವಾಜನನ್ನು ಕರೆಸಿದರು. ಅವನು ಬಂದು ಹಳೆಯ ಹಾರ್ಡ್ ಡಿಸ್ಕ್ ತೆಗೆದು ಎಸ್ಎಸ್‌ಡಿ ಹಾಕಿದ, ರ‍್ಯಾಮ್ ಹೆಚ್ಚಿಸಿದ. ಅಷ್ಟಕ್ಕೇ ನಿಲ್ಲಿಸಿದ್ದರೆ ಒಳ್ಳೆಯದಿತ್ತು. ಮದುವೆಯ ವಿಡಿಯೊಗೆಂದು ಗ್ರಾಫಿಕ್ಸ್ ಕಾರ್ಡೂ ಬೇಕೆಂದ ಅಮೋಘಪ್ಪ.

ಕಾರ್ಡು ಕರೆಂಟು ಎಳೆಯುವ ವಸ್ತು. ಮಷೀನಿನ ಪವರ್ ಸಪ್ಲೈ ಸಣ್ಣದು. ಕಾರ್ಡಿಗೆ ಕೊಡಲು ಅದರಲ್ಲಿ ಬೇರೆ ವೈರೂ ಇರಲಿಲ್ಲ. ದೊಡ್ಡದು ಹಾಕೋಣವೆಂದರೆ ಆ ಕಂಪನಿಯ ಪ್ಲಗ್ಗೇ ಬೇರೆ, ಬಜಾರದ್ದು ಕೂಡುವುದಿಲ್ಲ, ಹೈದರಾಬಾದಿನಿಂದ ತರಿಸಬೇಕು. ಇದೆಲ್ಲ ಬಂದೇನವಾಜನಿಗೆ ಗೊತ್ತಿತ್ತು. ಆದರೆ ಮತ್ತೊಮ್ಮೆ ಬರುವ ಬೇಸರ, ಕಲಬುರಗಿ ಬಸ್ಸಿನ ಅವಸರ. ಚೀಲದಿಂದ ಒಂದು ಜೋಡು ವೈರು ತೆಗೆದು, ಡಿಸ್ಕಿಗೆ ಹೋಗುವ ಕರೆಂಟನ್ನೇ ಎಳೆದು ಕಾರ್ಡಿಗೆ ಕೊಟ್ಟ. “ನಡೀತದ” ಎಂದ. ಯಾರಿಗೆ ಹೇಳಿದನೋ, ತನಗೇ ಹೇಳಿಕೊಂಡಿರಬೇಕು.

ಮಷೀನು ಗಾಳಿಯ ಹಾಗೆ ಓಡಿತು. “ಅಣ್ಣಾರ, ಇನ್ನ ರೊಟ್ಟಿ ಬಡಿಲಾಕ ಪುರಸೊತ್ತ ಸಿಗಂಗಿಲ್ಲ ನೋಡ್ರಿ” ಎಂದು ಮಲ್ಕಮ್ಮ ನಕ್ಕಳು.

ದಸರೆ ಬಂತು. ಖಂಡೇ ಪೂಜೆಯ ದಿನ ಅನ್ನ ಕೊಡುವ ಸಾಮಾನಿಗೆಲ್ಲ ಪೂಜೆ. ಅಮೋಘಪ್ಪ ಕ್ಯಾಮೆರಾಗಳನ್ನು ಪೂಜಿಸಿದ. ಮಲ್ಕಮ್ಮ ಕಂಪ್ಯೂಟರಿನ ಡಬ್ಬಿಗೆ ಕೈತುಂಬ ವಿಭೂತಿ ಬಳಿದು, ಕುಂಕುಮವಿಟ್ಟು, ಚೆಂಡು ಹೂ ಏರಿಸಿ, ನಾಲ್ಕು ಹನಿ ನೀರು ಚಿಮುಕಿಸಿದಳು. ಮರುದಿನ ಅವಳು ಒಂದು ದೊಡ್ಡ ವಿಡಿಯೊ ತಯಾರಿಗಿಟ್ಟು ಕೂತಿದ್ದಾಗ ಮಷೀನು ಟಪ್ಪೆಂದಿತು. ಪರದೆ ಕಪ್ಪಾಯಿತು.

ಬಂದೇನವಾಜ್ ಬಂದು ಮಷೀನಿನ ಮಗ್ಗುಲಿನ ಮುಚ್ಚಳ ಬಿಚ್ಚಿದ. ಎಲ್ಲರೂ ಬಗ್ಗಿ ನೋಡಿದರು. ಫ್ಯಾನಿನ ಎಲೆಗಳ ಮೇಲೆ ಬೂದಿ ಬಣ್ಣದ ವಿಭೂತಿ.

ಅಮೋಘಪ್ಪನ ತಮ್ಮ ಮಾಳಿಂಗ ಸುಮ್ಮನಿರುವವನಲ್ಲ. “ವೈನಿ ಹೆಣಕ್ಕ ಹಚ್ಚಿದಂಗ ಹಚ್ಯಾರ. ಮಷೀನ ಸಾಯದ ಏನ ಮಾಡ್ತದ?” ಅಮೋಘಪ್ಪನೂ ನಕ್ಕ.

ಬಂದೇನವಾಜ್ ನಗಲಿಲ್ಲ. ವಿಭೂತಿಯ ಹಿಂದೆ, ತಾನು ಹಾಕಿದ ಜೋಡು ವೈರಿನ ಪ್ಲಗ್ಗು ಕಂದಾಗಿ ಕರಗಿ ಹೋಗಿತ್ತು. ಅವನ ಅಂಗೈ ತಾನಾಗಿ ಹೋಗಿ ಅದರ ಮೇಲೆ ಕೂತಿತು.

“ಅಣ್ಣಾರ, ನನ್ನ ಕೈಲಿಂದನ ಸುಟ್ಟಿತೇನ್ರಿ?” ಮಲ್ಕಮ್ಮ ಕೇಳಿದಳು.

ಅಲ್ಲ ಎನ್ನುವುದು ಎಷ್ಟು ಹೊತ್ತಿನ ಕೆಲಸ? ಆದರೆ ಕಮಲಾಪುರದಿಂದ ತನ್ನ ಅಂಗಡಿಗೆ ಬರುವ ಗಿರಾಕಿಗಳೆಲ್ಲ ಅಮೋಘಪ್ಪನ ಮಾತು ಕೇಳಿ ಬರುವವರು. “ಒಳಗ ಪುಡಿ-ಗಿಡಿ ಹೋದರ ಹಿಂಗ ಆಗ್ತಿರ್ತದ್ರಿ ಅಕ್ಕಾ” ಎಂದುಬಿಟ್ಟ.

ಮಷೀನು ಕಲಬುರಗಿಗೆ ಒಯ್ದ. ಈ ಸಲ ಹೊಂದುವ ಸಪ್ಲೈಯನ್ನೇ ಹೈದರಾಬಾದಿನಿಂದ ತರಿಸಿ, ಎಲ್ಲ ನೆಟ್ಟಗೆ ಮಾಡಿ ಮುಟ್ಟಿಸಿದ. ಕೂಲಿ ಒಲ್ಲೆನೆಂದ. “ದೊಡ್ಡ ಮನಸಿನ ಮನಷ್ಯಾ” ಎಂದು ಅಮೋಘಪ್ಪ ಬೆನ್ನು ತಟ್ಟಿದ. ಮಲ್ಕಮ್ಮನ ಕುರ್ಚಿಯ ಮೇಲೆ ಆಗಲೇ ಮಾಳಿಂಗ ಕೂತಿದ್ದ. ಬಾಗಿಲ ಬಳಿ ನಿಂತಿದ್ದ ಮಲ್ಕಮ್ಮ ಒಂದು ಗೊನೆಯಷ್ಟು ಕೆಂಪು ಬಾಳೆಹಣ್ಣು ಬಂದೇನವಾಜನ ಚೀಲಕ್ಕೆ ತುಂಬಿದಳು. “ನಾ ಮಾಡಿದ ತಪ್ಪಿಗಿ ನಿಮಗ ತ್ರಾಸ ಆಯ್ತ್ರಿ.”

ಆ ಹಣ್ಣು ಅವನು ಮುಟ್ಟಲಿಲ್ಲ. ಹೆಂಡತಿ ಮುಬಶ್ಶಿರಾ ಬಿಡದೆ ಕೇಳಿದ ಮೇಲೆ ನಡೆದದ್ದು ಹೇಳಿದ. ಅವಳು ಸುಲಿಯುತ್ತಿದ್ದ ಹಣ್ಣು ಕೆಳಗಿಟ್ಟಳು. ತಮ್ಮ ದಖನಿ ಮಾತಿನಲ್ಲಿ ಮೆಲ್ಲಗೆ ಅಂದಳು: “ನಿಮ್ಮ ತಪ್ಪನ್ನು ಆ ಹೆಣ್ಣುಮಗಳ ಪೂಜೆಯ ಮೇಲೆ ಹಾಕಿ ಬಂದಿರಾ? ದುವಾ ಬೇಡಲು ಎತ್ತುವುದೂ ಇದೇ ಅಂಗೈ ಅಲ್ಲವೇನು?”

ಹೋಗಿ ಹೇಳಬೇಕೆಂದುಕೊಂಡ. ಈ ಶುಕ್ರವಾರದ ಜುಮ್ಮಾ ಆಗಲಿ, ಬರುವ ಜುಮ್ಮಾ ಆಗಲಿ ಎನ್ನುತ್ತ ಚಳಿ ಕಳೆದು ಬಿಸಿಲು ಬಂತು. ಕರಗಿದ ವೈರು ಅಂಗಡಿಯ ಡ್ರಾದಲ್ಲೇ ಇತ್ತು. ಸ್ಕ್ರೂ ಹುಡುಕುವಾಗೆಲ್ಲ ಅದೇ ಕೈಗೆ ಸಿಗುತ್ತಿತ್ತು.

ಒಂದು ಮಧ್ಯಾಹ್ನ ಅಮೋಘಪ್ಪ ಅಂಗಡಿಗೆ ಬಂದ. ಪ್ರಿಂಟಾದ ಆಲ್ಬಂ ಬಿಚ್ಚಿ ತೋರಿಸಿದ. “ನೋಡ್ರಿ ಭಾಯ್, ನಮ್ಮ ಮಾಳಿಂಗನ ಕೆಲಸ. ಬೀಗತಿಗಿ ತಲೀನ ಇಟ್ಟಿಲ್ಲ.”

“ಅಕ್ಕಾ ಮಾಡಂಗಿಲ್ಲೇನ್ರಿ?”

“ಎಷ್ಟ ಕರದರೂ ಆಕಿ ಬರವಲ್ಲಳು. ನನ್ನ ಕೈ ಛಲೋ ಇಲ್ಲ ಅಂತಾಳ. ಮನ್ಯಾಗ ಮಿಕ್ಸಿ ಹಚ್ಚಲಾಕ ಸುದ್ದಾ ಅಂಜತಾಳ. ಇನ್ನ ಮುಂದ ಖಂಡೇ ಪೂಜಿನೂ ನೀವ ಮಾಡಕೋರಿ ಅಂದಾಳ.”

ಬಂದೇನವಾಜ್ ಡ್ರಾ ಎಳೆದು ವೈರನ್ನು ಜೇಬಿಗೆ ಹಾಕಿದ, ಶಟರ್ ಇಳಿಸಿದ. “ನಡ್ರಿ, ನಾನೂ ಬರ್ತೀನಿ” ಎಂದು ಅಮೋಘಪ್ಪನ ಬೈಕು ಹತ್ತಿದ.

ಸ್ಟುಡಿಯೊದಲ್ಲಿ ಮಲ್ಕಮ್ಮನನ್ನು ಕರೆಸಿ, ಆ ವೈರು ಅವಳ ಕೈಗೆ ಕೊಟ್ಟ. “ಅಕ್ಕಾ, ಮಷೀನ ಸುಟ್ಟಿದ್ದು ಇದರಿಂದ. ನಾ ಹಾಕಿದ್ದು. ಭಾರ ತಾಳಂಗಿಲ್ಲ ಅಂತ ಗೊತ್ತಿದ್ದೂ ಹಾಕಿದೆ. ನಿಮ್ಮ ವಿಭೂತಿದು, ನಿಮ್ಮ ಕೈದು ಏನೂ ತಪ್ಪಿಲ್ಲ.”

“ಭಾಯ್, ನಾ ಊರ ತುಂಬ ನಿಮ್ಮ ಹೆಸರ ಹೇಳಕೋತ…” ಎಂದ ಅಮೋಘಪ್ಪ. ಮಾಳಿಂಗ ಕುರ್ಚಿ ಬಿಟ್ಟೆದ್ದ.

ಮಲ್ಕಮ್ಮ ಪ್ಲಗ್ಗನ್ನು ತಿರುವಿ ತಿರುವಿ ನೋಡಿದಳು. “ಅವತ್ತ ನೀವು ಇದರ ಮ್ಯಾಲ ಕೈ ಇಟ್ಟಿದ್ರಿ.”

“ಹೂಂ.”

“ನಾ ನೋಡಿದ್ದೆ. ಬಿಸಿ ಅದ ಏನೋ, ನಮಗ್ಯಾರಿಗೂ ತಾಕಬಾರದಂತ ಇಟ್ಟಾರ ಅನಕೊಂಡೆ.”

ಬೈದಿದ್ದರೆ ಬಂದೇನವಾಜ್ ತಡೆದುಕೊಳ್ಳುತ್ತಿದ್ದ. ಇದಕ್ಕೆ ತಲೆ ತಗ್ಗಿಸಿದ. ಅವಳು ಹೋಗಿ ಕುರ್ಚಿಯಲ್ಲಿ ಕೂತಳು. ಮಷೀನು ಚಾಲೂ ಮಾಡಿಕೊಡಲು ಇವನು ಕೈ ಚಾಚಿದ. “ಬ್ಯಾಡ್ರಿ,” ಎಂದು ತಾನೇ ಬಟನ್ ಒತ್ತಿದಳು. ಪರದೆ ಬೆಳಗಿತು; ತಲೆಯಿಲ್ಲದ ಬೀಗತಿಯನ್ನು ಹುಡುಕತೊಡಗಿದಳು. ಬಂದೇನವಾಜನಿಗೆ ಯಾರೂ ಕೂಡ್ರು ಅನ್ನಲಿಲ್ಲ, ಹೋಗು ಅಂತಲೂ ಅನ್ನಲಿಲ್ಲ. ಸ್ವಲ್ಪ ಹೊತ್ತು ನಿಂತು ಬಸ್ಸಿಗೆ ನಡೆದ.

ಮುಂದಿನ ದಸರೆಗೆ ಅವಳದೇ ಫೋನು ಬಂತು. “ಅಣ್ಣಾರ, ಮಷೀನಿಗಿ ವಿಭೂತಿ ಹಚ್ಚಬೇಕಂತ ಮಾಡೀನಿ. ನಡೀತದೇನ್ರಿ?”

“ಹಚ್ಚರಿ ಅಕ್ಕಾ. ಗಾಳಿ ಹೋಗೋ ಜಾಳಗಿ ಒಂದು ಬಿಟ್ಟು ಹಚ್ಚರಿ.”

ಅವಳು ಕೇಳಿದಳು: “ಈ ಸಲ ಖರೇನ ಹೇಳ್ಲಾಕತ್ತೀರಿ ಅಲ್ರಿ?”